ಅವ್ವನ ಡಿಸ್ಕು, ನನ್ನ ಎದುರುಗಾಲು

ಆದೋನಿಯಲ್ಲಿ ನನ್ನ ಬಾಯಿ ಸ್ವಲ್ಪ ಜನಕ್ಕೆ ಗೊತ್ತು, ನನ್ನ ಕಾಲು ಬಹಳ ಜನಕ್ಕೆ ಗೊತ್ತು. ಬಾಯಿಯದು ಹೊಟ್ಟೆಪಾಡು. ಸೀರೆ ಅಂಗಡಿಯ ಆಷಾಢದ ರಿಯಾಯಿತಿ, ಮೊಬೈಲ್ ಅಂಗಡಿಯ ಓಪನಿಂಗು, ತಪ್ಪಿಸಿಕೊಂಡ ಎಮ್ಮೆ, ಎಲ್ಲವನ್ನೂ ಆಟೋದಲ್ಲಿ ಮೈಕು ಹಿಡಿದು ಕೂತು ಒಮ್ಮೆ ತೆಲುಗಿನಲ್ಲಿ, ಒಮ್ಮೆ ಕನ್ನಡದಲ್ಲಿ, ಕೆಲವು ಓಣಿಗಳಲ್ಲಿ ದಖ್ಖನಿಯಲ್ಲಿ ಕೂಗುತ್ತೇನೆ. ನಡುವೆ ಬೇಜಾರಾದರೆ ಎಮ್ಮೆಯ ದನಿಯಲ್ಲೇ ಎಮ್ಮೆಯನ್ನು ಕರೆಯುತ್ತೇನೆ. ಒಮ್ಮೆ ಬಂದೂ ಬಿಟ್ಟಿತು, ಆದರೆ ಬೇರೆಯವರ ಎಮ್ಮೆ.

ಕಾಲಿನದು ಪುಣ್ಯದ ಕೆಲಸ. ನಾನು ತಲೆ ಮುಂದಾಗಿ ಹುಟ್ಟಲಿಲ್ಲ, ಕಾಲು ಮುಂದಾಗಿ ಬಂದೆ. ಅಂಥವರಿಗೆ ನಮ್ಮ ಕಡೆ ಎದುರುಗಾಲಿನವರು ಅನ್ನುತ್ತಾರೆ. ಬೆನ್ನು ಹಿಡಿದುಕೊಂಡವರನ್ನು ಎದುರುಗಾಲಿನವನು ಹೊತ್ತು ಹುಟ್ಟುವ ಹೊತ್ತಿಗೆ ತುಳಿದರೆ ಹಿಡಿದದ್ದು ಬಿಡುತ್ತದೆ ಅಂತ ನಂಬಿಕೆ. ನಿಯಮಗಳು ಇಷ್ಟೇ. ತುಳಿಸಿಕೊಳ್ಳುವವರು ಬರೀ ಹೊಟ್ಟೆಯಲ್ಲಿ ಬರಬೇಕು, ಹೊಸ್ತಿಲ ಕಡೆ ತಲೆ ಮಾಡಿ ಬೋರಲು ಮಲಗಬೇಕು, ತುಳಿಯುವವನ ಮುಖ ನೋಡಬಾರದು, ಮಾತಾಡಬಾರದು, ದುಡ್ಡು ಕೊಡಬಾರದು. ಈ ಕೊನೆಯ ನಿಯಮ ಮಾಡಿದ ಮಹಾನುಭಾವ ಯಾರು ಅಂತ ನಾನು ಇನ್ನೂ ಹುಡುಕುತ್ತಿದ್ದೇನೆ.

ನಡೆಯಲು ಬರುವ ಮುಂಚೆಯೇ ಅವ್ವ ನನ್ನನ್ನು ಕಂಕುಳಲ್ಲಿ ಎತ್ತಿಕೊಂಡು ಹೋಗಿ ಜನರ ಬೆನ್ನ ಮೇಲೆ ಇಸ್ತ್ರಿಪೆಟ್ಟಿಗೆ ಇಟ್ಟ ಹಾಗೆ ಇಟ್ಟು ಬರುತ್ತಿದ್ದಳಂತೆ. ಆಕೆ ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ಕೂಲಿ ಮಾಡುತ್ತಾಳೆ. ಅಲ್ಲಿ ಬೇರೆ ಹೆಂಗಸರಿಗೆ ಅವರವರ ಹೆಸರಿದೆ, ಅವ್ವನಿಗೆ ಮಾತ್ರ 'ಎದುರುಗಾಲಿನ ಹುಡುಗನ ಅವ್ವ' ಅಂತ ಪದವಿ ಇದೆ. ನಾನು ತುಳಿಯುತ್ತಿರುವಾಗ ಪಕ್ಕದಲ್ಲಿ ಕೂತು ನನ್ನ ಹುಟ್ಟಿನ ಕಥೆ ಹೇಳುವುದು ಆಕೆಯ ಹಕ್ಕು. "ಎಲ್ಲಾರ ಮಕ್ಕಳು ತಲಿ ತೋರಿಸ್ತಾವ್ರಿ. ಇವ ಪಾದ ತೋರಿಸ್ಯಾನ. ನನ್ನ ಜೀವ ಹಿಂಡಿ ಹಿಪ್ಪಿ ಮಾಡಿ ಬಂದಾನ. ಪುಕ್ಕಟ ಬಂದ ಗುಣ ಅಲ್ಲ ಅದು." ಕೆಳಗೆ ಬಿದ್ದವರು ಹೂಂ ಅನ್ನುವ ಹಾಗೂ ಇಲ್ಲ, ಎದ್ದು ಓಡುವ ಹಾಗೂ ಇಲ್ಲ. ಮೇಲೆ ನಾನಿರುತ್ತೇನೆ.

ನನ್ನ ಪಾದದಲ್ಲಿ ಏನಿದೆ ಅಂತ ನನಗೆ ಗೊತ್ತು. ಒಂದು ಆಣಿ, ಹಿಮ್ಮಡಿಯಲ್ಲಿ ಒಂದಿಷ್ಟು ಬಿರುಕು. ಹಿಡಿದುಕೊಂಡ ಬೆನ್ನು ನಾಲ್ಕೈದು ದಿನಕ್ಕೆ ತಾನೇ ಬಿಡುತ್ತದೆ, ಆ ನಾಲ್ಕೈದು ದಿನದಲ್ಲಿ ಒಂದು ಬೆಳಗ್ಗೆ ನಾನು ಹೋಗಿ ಕಾಲಿಟ್ಟು ಹೆಸರು ತೆಗೆದುಕೊಳ್ಳುತ್ತೇನೆ, ಅಷ್ಟೇ. ಆದರೂ ಇದನ್ನು ಅವ್ವನ ಮುಂದೆ ಯಾವತ್ತೂ ಹೇಳಿಲ್ಲ. ಹೇಳಿದರೆ ಆಕೆಯ ಹತ್ತಿರ ಉಳಿಯುವುದೇನು? ಮಿಲ್ಲಿನ ಧೂಳು, ನಾನು.

ಆ ಬೇಸಿಗೆಯಲ್ಲಿ ನಮ್ಮ ಓಣಿಯ ನಲ್ಲಿಗೆ ನೀರು ನೆಂಟರ ಹಾಗೆ ಬರುತ್ತಿತ್ತು. ಯಾವಾಗ ಅಂತ ಇಲ್ಲ, ಬಂದಾಗ ಇದ್ದ ಕೆಲಸ ಬಿಟ್ಟು ಎದುರುಗೊಳ್ಳಬೇಕು. ಅವ್ವ ತುಂಬಿದ ಪ್ಲಾಸ್ಟಿಕ್ ಡ್ರಮ್ಮನ್ನು ಬಗ್ಗಿ ಎತ್ತಿ, ಎತ್ತಿದವಳು ಹಾಗೇ ಸೊಂಟ ತಿರುಗಿಸಿ ಕಟ್ಟೆಯ ಮೇಲೆ ಇಟ್ಟಳು. ಇಟ್ಟಾದ ಮೇಲೆ ನೆಟ್ಟಗಾಗಲಿಲ್ಲ. ಡ್ರಮ್ಮಿಗೆ ನಮಸ್ಕಾರ ಮಾಡುವವಳ ಹಾಗೆ ಅಲ್ಲೇ ನಿಂತಳು.

"ಏನವ್ವಾ, ನೀರಿಗೆ ಆರತಿ ಬೆಳಗ್ತೀಯೇನು?" ಅಂದೆ.

"ಬಾಯಿ ಮುಚ್ಚಲೇ. ಒಳಗ ಟಕ್ ಅಂತು."

ಎರಡು ದಿನ ಉಪ್ಪಿನ ಶಾಖ ಕೊಟ್ಟುಕೊಂಡಳು. ಸೊಂಟದ ನೋವು ಇಳಿಯಿತು. ನಿಜವಾಗಿಯೇ ಇಳಿಯಿತು, ಸೊಂಟದಿಂದ ಕುಂಡಿಗೆ, ಅಲ್ಲಿಂದ ತೊಡೆಗೆ, ತೊಡೆಯಿಂದ ಎಡಗಾಲಿನ ಮೀನಖಂಡದ ಹೊರಮೈಗೆ. ಕರೆಂಟು ಹರಿದಂಗ ಆಗ್ತೈತಿ ಅನ್ನುತ್ತಿದ್ದಳು. ಸೀನಿದರೆ ಗೋಡೆ ಹಿಡಿದುಕೊಳ್ಳುತ್ತಿದ್ದಳು. ಕೂತರೆ ಜಾಸ್ತಿ, ನಿಂತರೆ ಸ್ವಲ್ಪ ಕಡಿಮೆ. ಹಾಗಾಗಿ ನಿಂತೇ ಉಣ್ಣಲು ಶುರು ಮಾಡಿದಳು. "ಮದುವಿ ಮನ್ಯಾಗ ದೊಡ್ಡೋರೆಲ್ಲ ಹಿಂಗ ಉಣ್ತಾರ" ಅಂತ ತನ್ನನ್ನೇ ಸಮಾಧಾನ ಮಾಡಿಕೊಂಡಳು.

ಜನರ ನಡಿಗೆ ಕದಿಯುವುದು ನನ್ನ ಚಟ. ತುಳಿಸಿಕೊಳ್ಳಲು ಬಂದವರೆಲ್ಲರ ನಡಿಗೆಯೂ ನನ್ನ ಹತ್ತಿರ ಇದೆ. ಒಬ್ಬರು ನೆಲದಲ್ಲಿ ಏನೋ ಬಿದ್ದುಹೋದದ್ದನ್ನು ಹುಡುಕುವ ಹಾಗೆ ಬರುತ್ತಾರೆ, ಇನ್ನೊಬ್ಬರು ಬೆನ್ನಲ್ಲಿ ಬಾಗಿಲ ಪಟ್ಟಿ ಸಿಗಿಸಿಕೊಂಡವರ ಹಾಗೆ. ಒಂದು ದಿನ ನಲ್ಲಿಯ ಹತ್ತಿರ ಹೆಂಗಸರು ನಗಲಿ ಅಂತ ಅವ್ವನ ನಡಿಗೆ ಮಾಡಿ ತೋರಿಸಹೊರಟೆ. ಸೊಂಟ ಒಂದು ಕಡೆ ಸರಿಸಿದೆ, ಬಂತು. ಕೈ ತೊಡೆಯ ಮೇಲೆ, ಬಂತು. ಆದರೆ ಆಕೆಯ ಚಪ್ಪಲಿಯ ಸದ್ದು ಬರಲಿಲ್ಲ. ಅವ್ವನ ಎಡ ಚಪ್ಪಲಿ ಕೆಲವು ದಿನದಿಂದ 'ಚಟ್' ಅನ್ನುತ್ತಿತ್ತು. ನಾನು ಹೇಗೆ ಹೆಜ್ಜೆ ಇಟ್ಟರೂ ಆ ಚಟ್ ಇಲ್ಲ. ಮತ್ತೆ ಮತ್ತೆ ಇಟ್ಟು ನೋಡಿದೆ. ಕೊನೆಗೆ ಪಾದದ ಮುಂಭಾಗವನ್ನು ಸತ್ತದ್ದರ ಹಾಗೆ ಜೋಲುಬಿಟ್ಟು ಇಟ್ಟಾಗ ಬಂತು, ಅದೇ ಚಟ್.

ಹೆಂಗಸರು ನಕ್ಕರು. ನನಗೆ ನಗು ಬರಲಿಲ್ಲ. ಆಕೆ ಬೇಕಂತ ಹಾಗೆ ಇಡುತ್ತಿರಲಿಲ್ಲ. ಆಕೆಯ ಪಾದ ಮೇಲಕ್ಕೆ ಏಳುತ್ತಿರಲಿಲ್ಲ.

ಆದೋನಿಯ ಮೂಳೆ ಡಾಕ್ಟರರು ಅವ್ವನನ್ನು ಮಲಗಿಸಿ ಎಡಗಾಲಿನ ಹೆಬ್ಬೆರಳ ಮೇಲೆ ತಮ್ಮ ಒಂದು ಬೆರಳು ಇಟ್ಟರು. "ಅಮ್ಮಾ, ವೇಲು ಪೈಕಿ ಲೇಪು" ಅಂದರು. ಬೆರಳು ಮೇಲಕ್ಕೆತ್ತು ಅಂತ. ಅವ್ವ ಹಲ್ಲು ಕಚ್ಚಿ, ಹುಬ್ಬು ಎತ್ತಿ, ಭುಜ ಎತ್ತಿ, ಎಲ್ಲ ಎತ್ತಿದಳು. ಹೆಬ್ಬೆರಳು ಮಾತ್ರ ಡಾಕ್ಟರರ ಬೆರಳ ಕೆಳಗೆ ಒದ್ದೆ ಬತ್ತಿಯ ಹಾಗೆ ಬಿದ್ದುಕೊಂಡಿತು. ಹಿಮ್ಮಡಿಯ ಮೇಲೆ ನಡೆ ಅಂದರು. ಬಲಗಾಲು ನಡೆಯಿತು, ಎಡಗಾಲು ಚಟ್ ಅಂತು. ಕರ್ನೂಲಿಗೆ ಹೋಗಿ ಸ್ಕ್ಯಾನ್ ಮಾಡಿಸಿಕೊಂಡು ಬನ್ನಿ ಅಂದರು.

ಎಮ್ಮಿಗನೂರಿನ ಮೇಲೆ ಹೋಗುವ ಬಸ್ಸು ಅದು. ಕುಣಿಗಳಿಗೆಲ್ಲ ತಪ್ಪದೆ ಹಾಜರಿ ಹಾಕುತ್ತಾ ಹೋಯಿತು. ಸೀಟು ಸಿಕ್ಕರೂ ಅವ್ವ ಕೂರಲಿಲ್ಲ. ಕಂಡಕ್ಟರು ಬಂದು "ಕೂಚೋ ಅಮ್ಮಾ, ಸೀಟು ಉಂದಿ ಕದಾ" ಅಂದ. ಸ್ವಲ್ಪ ಹೊತ್ತಿಗೆ ಮತ್ತೆ ಬಂದು ಮತ್ತೆ ಅಂದ. ಸೀಟು ಇದೆಯಲ್ಲ, ಕೂರು ಅಂತ. ಆಮೇಲೆ ನನ್ನ ಕಡೆ ತಿರುಗಿ, ಅಮ್ಮನನ್ನು ನಿಲ್ಲಿಸಿ ತಾನು ಕೂತಾನ ನೋಡು, ಮಗ ಅಂದ್ರ ಮಗ ಅನ್ನುವ ಮುಖ ಮಾಡಿದ. ನಾನೂ ಎದ್ದು ನಿಂತೆ. ಎರಡು ಖಾಲಿ ಸೀಟಿನ ಪಕ್ಕ ಕಂಬಿ ಹಿಡಿದು ಜೋತುಬಿದ್ದು ಇಬ್ಬರೂ ಕರ್ನೂಲು ಮುಟ್ಟಿದೆವು.

ಸ್ಕ್ಯಾನಿನ ಕೊಳವೆಯಿಂದ ಹೊರಬಂದ ಅವ್ವ, "ಒಳಗ ಜಿನ್ನಿಂಗ್ ಮಿಲ್ಲು ಇಟ್ಟಾರಲೇ. ಅಲ್ಲೂ ನನಗ ಕೂಲಿ ತಪ್ಪಲಿಲ್ಲ" ಅಂದಳು. ನಾನು ಆ ಮಿಷನ್ನಿನ ಸದ್ದು ಮಾಡಿ ತೋರಿಸಿದೆ. ಅರ್ಧ ನಕ್ಕಳು. ನಗು ಕಾಲಿಗೆ ಇಳಿದು ನೋವಾಯಿತು, ನಿಲ್ಲಿಸಿಬಿಟ್ಟಳು. ಆ ದಿನಗಳಲ್ಲಿ ಆಕೆಯನ್ನು ನಗಿಸುವುದಕ್ಕೂ ಲೆಕ್ಕ ಹಾಕಬೇಕಿತ್ತು.

ಆದೋನಿಗೆ ವಾಪಸು ಬಂದ ಮೇಲೆ ಡಾಕ್ಟರರು ಫಿಲ್ಮನ್ನು ಬೆಳಕಿಗೆ ಹಿಡಿದು ವಿವರಿಸಿದರು. ಅವರ ದನಿ ನನಗೆ ಮೊದಲ ದಿನವೇ ಸಿಕ್ಕಿತ್ತು, ಪ್ರತಿ ಮಾತಿನ ಬಾಲಕ್ಕೆ ತಿಳಿಯಿತಾ ಅನ್ನುವ ಒಂದು 'ಅರ್ಥಮಯಿಂದಾ' ಕಟ್ಟಿದರೆ ಮುಗಿಯಿತು. ಬೆನ್ನುಮೂಳೆ ಅಂದರೆ ಒಂದರ ಮೇಲೊಂದು ಇಟ್ಟ ಮೂಳೆಗಳು, ಅರ್ಥಮಯಿಂದಾ. ಎರಡು ಮೂಳೆ ತಾಗದ ಹಾಗೆ ನಡುವೆ ಒಂದೊಂದು ಮೆತ್ತನೆಯ ಬಿಲ್ಲೆ, ಅದೇ ಡಿಸ್ಕು. ಮೇಲೆ ಗಟ್ಟಿ ಪದರ, ಒಳಗೆ ಲೋಳೆ, ಹೋಳಿಗೆಯೊಳಗೆ ಹೂರಣ ಇದ್ದ ಹಾಗೆ. ಹೋಳಿಗೆಯನ್ನು ಒಂದು ಅಂಚಿನಲ್ಲಿ ಒತ್ತಿದರೆ ಇನ್ನೊಂದು ಅಂಚು ಹರಿದು ಹೂರಣ ಹೊರಗೆ ಬರುತ್ತದೆ. ಬಗ್ಗಿ, ಭಾರ ಎತ್ತಿ, ತಿರುಗಿದಾಗ ಆದದ್ದು ಅದೇ. ಹೊರಬಂದ ಹೂರಣ ಪಕ್ಕದಲ್ಲಿ ಕಾಲಿಗೆ ಹೋಗುವ ನರದ ಮೇಲೆ ಕೂತಿದೆ. ಕೆಟ್ಟದ್ದು ಬೆನ್ನಿನಲ್ಲಿ, ಕೂಗುವುದು ಕಾಲು.

"ಹೂರಣ ವಾಪಸ್ ಒಳಗ ತುಂಬಂಗಿಲ್ಲಾ?" ಅಂದಳು ಅವ್ವ.

ತುಂಬಲಾಗದಂತೆ. ಆದರೆ ಬಹಳ ಜನರಲ್ಲಿ ಅದು ತಾನಾಗೇ ಒಣಗಿ ಕುಗ್ಗುತ್ತದಂತೆ, ನರದ ಬಾವು ಇಳಿಯುತ್ತದಂತೆ. ಅಲ್ಲಿಯವರೆಗೆ ಗುಳಿಗೆ, ಭಾರ ಎತ್ತಬಾರದು, ಬಗ್ಗಬಾರದು, ಹಾಗಂತ ಹಾಸಿಗೆ ಹಿಡಿಯಲೂಬಾರದು, ಆಗಾಗ ನಡೆಯಬೇಕು, ಹೇಳಿಕೊಟ್ಟ ವ್ಯಾಯಾಮ ಮಾಡಬೇಕು. ಒಂದೂವರೆ ತಿಂಗಳಿಗೆ ಮತ್ತೆ ಬೆರಳು ನೋಡುತ್ತೇನೆ ಅಂದರು. ಬೆರಳಿಗೆ ಬಲ ಬರುತ್ತಿದ್ದರೆ ಸರಿ. ಅಷ್ಟರೊಳಗೆ ಪಾದ ಇನ್ನೂ ಜೋತರೆ, ಕೂರುವ ಜಾಗ ಜೋಮು ಹಿಡಿದರೆ, ಉಚ್ಚೆ ಕಟ್ಟಿದರೆ ಅಥವಾ ತಿಳಿಯದೆ ಹೋದರೆ, ಕಾಯಬಾರದು, ಅದೇ ದಿನ ಬರಬೇಕು, ಆಪರೇಷನ್.

"ಮತ್ತ, ಬೆನ್ನಿನ ಮೇಲೆ ಯಾರನ್ನೂ ಹತ್ತಿಸಬ್ಯಾಡ್ರಿ" ಅಂದರು, ಈ ಮಾತು ಮಾತ್ರ ಕನ್ನಡದಲ್ಲಿ, ನನ್ನ ಕಡೆ ನೋಡದೆ. ಊರಿನ ಡಾಕ್ಟರರು, ಊರಿನ ಎದುರುಗಾಲುಗಳ ಬಗ್ಗೆ ತಿಳಿದಿರಲೇಬೇಕು.

ಆಪರೇಷನ್ ಅನ್ನುವ ಮಾತು ಅವ್ವನ ಕಿವಿಗೆ ಬಿದ್ದದ್ದೇ ಬಿದ್ದದ್ದು, ಉಳಿದ ಯಾವುದೂ ಉಳಿಯಲಿಲ್ಲ. ಬೆನ್ನು ಕೊಯ್ಸಿಕೊಂಡೋರು ನೆಟ್ಟಗ ನಡದದ್ದು ನಾನು ನೋಡಿಲ್ಲ ಅಂತ ಮನೆಗೆ ಬಂದು ಹೇಳಿದಳು. ಕೊಯ್ಸಿಕೊಂಡವರನ್ನು ಆಕೆ ನೋಡಿಯೇ ಇರಲಿಲ್ಲ, ಅದು ಬೇರೆ ಮಾತು. ಮಿಲ್ಲಿನಲ್ಲಿ ದಿನವಿಡೀ ನಿಂತು ಮಾಡುವ ಕೆಲಸ. ಪಾದ ಬಿದ್ದುಹೋದರೆ ಕೆಲಸ ಬಿತ್ತು. ಮನೆಯಲ್ಲಿ ಇರುವುದು ನಾವಿಬ್ಬರೇ, ಅದರಲ್ಲಿ ಒಬ್ಬ ಎಮ್ಮೆಯ ದನಿ ತೆಗೆದು ಬದುಕುವವನು.

ಹೀಗೆ ನಮ್ಮ ಮನೆಯಲ್ಲಿ ಒಂದು ಹೆಬ್ಬೆರಳನ್ನು ಕಾಯುವ ಕೆಲಸ ಶುರುವಾಯಿತು.

ಕಾಯುವುದರಷ್ಟು ದಣಿಸುವ ಕೆಲಸ ನಾನು ಮಾಡಿಲ್ಲ. ಬೆಳಗ್ಗೆ ನೀರು ಹಿಡಿ, ಅಕ್ಕಿಗಿಡು, ಗುಳಿಗೆ ಕೊಡು, ಮೊಣಕಾಲ ನಡುವೆ ದಿಂಬು ಸಿಗಿಸು, ಆಟೋ ಹತ್ತಿ ರಿಯಾಯಿತಿ ಕೂಗು, ಮಧ್ಯಾಹ್ನ ಬಂದು ದಿಂಬು ಬದಲಿಸು. ಕೂಗಿ ಕೂಗಿ ಗಂಟಲು ಕಟ್ಟಿ, ಒಂದು ದಿನ ನನ್ನ ದನಿ ನನಗೇ ಸಿಗಲಿಲ್ಲ, ಬೇರೆಯವರದ್ದೇ ಬರುತ್ತಿತ್ತು. ಇದರ ಮೇಲೆ ಸಲಹೆಗಳು. ಆಲೂರಿನ ದೊಡ್ಡವ್ವ ಫೋನ್ ಮಾಡಿ ಹುಣಸೆ ಸೊಪ್ಪು ಕಟ್ಟು ಅಂದಳು. ಪಕ್ಕದ ಮನೆಯ ರಿಟೈರ್ಡ್ ಮೇಷ್ಟ್ರು ತಮ್ಮ ಹಳೆಯ ಸೊಂಟನೋವಿನ ಬೆಲ್ಟು ತಂದುಕೊಟ್ಟರು. ಅದು ಅವ್ವನಿಗೆ ಒಂದು ಸುತ್ತು ಬಂದು ಇನ್ನೊಂದು ಸುತ್ತಿಗೆ ಹೊರಟಿತು. ಅವ್ವ ತಾನೇ ಉರುಕುಂದದ ಈರಣ್ಣಸ್ವಾಮಿಗೆ, ಕಾಲು ಕೊಟ್ರ ನಡಕೊಂಡು ಬರ್ತೀನಿ ಅಂತ ಹರಕೆ ಹೊತ್ತಳು. ದೇವರ ಹತ್ತಿರವೂ ಮಾಲು ಮೊದಲು, ಆಮೇಲೆ ಪಾವತಿ.

ವ್ಯಾಯಾಮ ಹೇಳಿಕೊಡುವ ಫಿಜಿಯೋ ಹುಡುಗಿ ನನಗಿಂತ ಚಿಕ್ಕವಳು. ಬೋರಲು ಮಲಗಬೇಕು, ಸ್ವಲ್ಪ ಹೊತ್ತು ಹಾಗೇ ಇದ್ದು, ಮೊಳಕೈ ಊರಿ ಎದೆ ಎತ್ತಬೇಕು, ಹೊಟ್ಟೆ ನೆಲ ಬಿಡಬಾರದು, ನಿಧಾನ ಇಳಿಯಬೇಕು. ದಿನಕ್ಕೆ ಕೆಲವು ಸಲ. ಎಲ್ಲರ ಡಿಸ್ಕಿಗೂ ಇದೇ ಹೊಂದುವುದಿಲ್ಲ, ಅವ್ವನಿಗೆ ಹೊಂದುವ ಹಾಗಿದೆ ಅಂತ ಪರೀಕ್ಷೆ ಮಾಡಿಯೇ ಹೇಳಿದಳು. ಅಲ್ಲಿ ಅವ್ವ ಗಿಣಿಯ ಹಾಗೆ ಮಾಡಿದಳು. ಮನೆಗೆ ಬಂದ ಮೇಲೆ ಮುಟ್ಟಲಿಲ್ಲ.

"ಮಾಡವ್ವಾ."

"ಹಲ್ಲಿ ಹಂಗ ನೆಲಕ್ಕ ಬಿದ್ದು ತಲಿ ಎತ್ತೂದಾ? ಬೋರಲ ಮಲಗೂದು ತುಳಿಸ್ಕಳಾಕ. ತುಳಿಯೋರಿಲ್ಲದ ಬೋರಲ ಯಾಕ ಮಲಗ್ಬೇಕು?"

"ಡಾಕ್ಟರು ತುಳೀಬ್ಯಾಡ ಅಂದಾರ."

"ಡಾಕ್ಟರು ಎದುರುಗಾಲಿಲೆ ಹುಟ್ಯಾನೇನು?"

"ಅವ್ವಾ, ಹೋಳಿಗಿ ಹರದೈತಿ. ಮ್ಯಾಲ ನಾನು ನಿಂತ್ರ ಉಳಿದ ಹೂರಣನೂ ಹೊರಗ ಬರ್ತೈತಿ."

ಆಕೆ ಗೋಡೆ ಕಡೆ ತಿರುಗಿದಳು. ಆಮೇಲೆ, "ಊರಿನ ಮಂದಿ ಬೆನ್ನಿಗೆಲ್ಲ ಹಚ್ಚಿದಿ ಕಾಲು. ಹೆತ್ತಾಕಿ ಬೆನ್ನಿಗೆ ಮಾತ್ರ ಹೂರಣದ ಮಾತು" ಅಂದಳು. ದನಿ ಎತ್ತಲಿಲ್ಲ. ಎತ್ತಿದ್ದರೆ ನಾನೂ ಎತ್ತಬಹುದಿತ್ತು.

ಅಲ್ಲಿಂದ ಮಾತು ಬಿಟ್ಟಳು. ಗುಳಿಗೆ ಕೊಟ್ಟರೆ ನುಂಗುವುದು, ಗೋಡೆ ಕಡೆ ತಿರುಗುವುದು. ಹೆಬ್ಬೆರಳು ಎಲ್ಲಿದ್ದದ್ದು ಅಲ್ಲೇ. ನಾನು ಅಡುಗೆ ಮಾಡುತ್ತಾ ಆಕೆಯ ದನಿಯಲ್ಲೇ ನನ್ನನ್ನು ಬೈದುಕೊಂಡೆ, "ಉಪ್ಪು ಯಾರಪ್ಪ ಹಾಕ್ಬೇಕಿತ್ತಲೇ" ಅಂತ. ತಿರುಗಿ ಕೂಡ ನೋಡಲಿಲ್ಲ.

ಮೂರನೆಯ ದಿನವೋ ನಾಲ್ಕನೆಯ ದಿನವೋ ಹೊರಗಿನಿಂದ ಬಂದರೆ ಅವ್ವ ಸೀರೆ ಬದಲಿಸಿ, ಒಂದು ಕೈಚೀಲ ಇಟ್ಟುಕೊಂಡು ನಿಂತಿದ್ದಳು.

"ಪೆದ್ದಹರಿವಾಣದಾಗ ಎದುರುಗಾಲಿನಾಕಿ ಒಬ್ಬಾಕಿ ಅದಾಳಂತ. ನಾಳಿ ಹೊತ್ತು ಹುಟ್ಟೂದ್ರೊಳಗ ಅಲ್ಲಿರ್ಬೇಕು. ಇವತ್ತ ಹೋಗಿ ಅವರ ಕಟ್ಟಿ ಮ್ಯಾಲ ಮಲಗ್ತೀನಿ."

ಆ ಹೆಂಗಸಿನ ಬಗ್ಗೆ ನನಗೆ ಗೊತ್ತಿತ್ತು, ಒಂದೇ ಧಂಧೆಯವರಲ್ಲವೇ. ಆಕೆಯ ಬಗ್ಗೆ ಜನ ಮೊದಲು ಹೇಳುವುದು ಗುಣವನ್ನಲ್ಲ, ಗಾತ್ರವನ್ನು. ಆಕೆ ತುಳಿದರೆ ಅವ್ವನಷ್ಟೇ ಅಲ್ಲ, ಕೆಳಗಿನ ಬಂಡೆಯೂ ಸೀಳುತ್ತದೆ. ಅವ್ವನ ಎಡಪಾದ ನೋಡಿದೆ. ಚಪ್ಪಲಿ ಜಾರದಿರಲಿ ಅಂತ ಅದಕ್ಕೆ ಹಿಂದಿನಿಂದ ದಾರ ಕಟ್ಟಿಕೊಂಡಿದ್ದಳು.

"ಬ್ಯಾಡ. ನಾನೇ ತುಳೀತೀನಿ" ಅಂದೆ.

ಅವ್ವ ಕೈಚೀಲ ಕೆಳಗಿಟ್ಟಳು.

ಆ ಸಂಜೆ ಫಿಜಿಯೋ ಹುಡುಗಿಯ ಹತ್ತಿರ ಹೋಗಿ ನನ್ನ ಉಪಾಯ ಹೇಳಿದೆ. ಮೊದಲು ನಕ್ಕಳು, ಆಮೇಲೆ ಹೆದರಿಸಿದಳು. ಗುಲಗಂಜಿ ತೂಕದ ಭಾರವೂ ಬೀಳಬಾರದು. ಎದೆ ಎತ್ತುವಾಗ ನೋವು ಕಾಲಿನಲ್ಲಿ ಇನ್ನೂ ಕೆಳಗೆ ಓಡಿದರೆ ನಿಲ್ಲಿಸಿ ಕರೆದುಕೊಂಡು ಬಾ. ಕಾಲು ಬಿಟ್ಟು ಮೇಲಕ್ಕೆ, ಬೆನ್ನಿನ ಕಡೆಗೆ ಬಂದರೆ ಒಳ್ಳೆಯದು, ಬೆನ್ನು ಜಾಸ್ತಿ ನೋಯುತ್ತದೆ ಅಂದರೂ ಹೆದರಬೇಡ.

ಬೆಳಗ್ಗೆ ತೊಲೆಯಲ್ಲಿನ ಕೊಂಡಿಗೆ ಹಗ್ಗ ಕಟ್ಟಿದೆ.

"ಹಗ್ಗ ಯಾಕಲೇ? ಉರ್ಲು ಹಾಕ್ಕಂತೀಯೇನು?" ಕೈಚೀಲ ಕೆಳಗಿಟ್ಟ ಮೇಲೆ ಅವ್ವನ ಬಾಯಿಂದ ಬಂದ ಮೊದಲ ಮಾತು.

"ಆವಾಗ ಸಣ್ಣಾವ ಇದ್ದೆ. ಈಗ ಮೈ ಬಂದೈತಿ. ಹಿಡಕೊಳ್ಳಾಕ ಬೇಕು."

"ಮೈಯಂತ ಮೈ. ಗಾಳಿಪಟಕ್ಕ ಕಟ್ಟಿದಂಗ ಐತಿ."

ಹೊಸ್ತಿಲ ಕಡೆ ತಲೆ ಮಾಡಿ ಬೋರಲು ಮಲಗಿದಳು. ಮಲಗುವುದಕ್ಕೇ ಬಹಳ ಹೊತ್ತು ಹಿಡಿಯಿತು. ಮೊದಲು ಮೊಣಕಾಲು, ಆಮೇಲೆ ಕೈ, ಆಮೇಲೆ ಉಸಿರು, ಆಮೇಲೆ ಹೊಟ್ಟೆ. ನಾನು ಎರಡೂ ಕೈಯಲ್ಲಿ ಹಗ್ಗ ಹಿಡಿದು, ಎಡಗಾಲನ್ನು ನೆಲದ ಮೇಲೆ ಊರಿ, ಬಲಗಾಲನ್ನು ಆಕೆಯ ಸೊಂಟದ ಮೇಲೆ ಇಟ್ಟೆ. ಇಟ್ಟೆ ಅನ್ನುವುದಕ್ಕಿಂತ ಬಿಸಿ ಹಂಚನ್ನು ಮುಟ್ಟಿದೆ ಅನ್ನಬೇಕು. ಸೀರೆಯ ಮಡಿಕೆ ಕೂಡ ಅಲುಗಲಿಲ್ಲ. ಭಾರವನ್ನು ಬಾಯಿಂದ ಹಾಕಿದೆ. ನಿಜವಾಗಿ ತುಳಿಯುವಾಗ ನಾನು ಮೂಗಿನಿಂದ ಹುಂ, ಹುಂ ಅನ್ನುತ್ತೇನೆ. ಅದನ್ನೇ ಮಾಡಿದೆ. ಬದುಕಿನಲ್ಲಿ ಎಷ್ಟೋ ಜನರ ನಕಲು ಮಾಡಿದ್ದೇನೆ, ಎದುರುಗಾಲಿನ ಹುಡುಗನ ನಕಲು ಮಾಡಿದ್ದು ಅದೇ ಮೊದಲು. ಅದೇ ಎಲ್ಲಕ್ಕಿಂತ ಕಷ್ಟ.

"ಈಗ ಮೊಳಕೈ ಊರಿ ಎದಿ ಎತ್ತು. ಹೊಟ್ಟಿ ನೆಲಕ್ಕ ಇರ್ಲಿ."

"ಇದ್ಯಾವ ಹೊಸ ಪದ್ಧತಿ?"

"ಡಿಸ್ಕಿಗೆ ಹಿಂಗ. ಮಾತಾಡಬ್ಯಾಡ, ಗುಣ ಹೋಗ್ತೈತಿ."

ಎತ್ತಿದಳು. ಇಳಿದಳು. ಎತ್ತಿದಳು. ನನ್ನ ಕಾಲು ಆಕೆಯ ಬೆನ್ನಿನ ಜೊತೆಗೇ ಏರಿ ಇಳಿಯಬೇಕಿತ್ತು, ತಾಗಿಯೂ ತಾಗದ ಹಾಗೆ. ಭುಜ ಸುಡತೊಡಗಿತು. ಆಕೆ ಎದ್ದು, ನಿಯಮದ ಪ್ರಕಾರ ನನ್ನ ಮುಖ ನೋಡದೆ, ಗೋಡೆ ಹಿಡಿದು ಬಚ್ಚಲಿಗೆ ಹೋದಳು. ಚಟ್. ಚಟ್. ನಾನು ಹಗ್ಗ ಬಿಟ್ಟು ನೆಲಕ್ಕೆ ಕೂತೆ. ಅಂಗೈ ಕೆಂಪಾಗಿತ್ತು.

ಬೆಳಗಿನ ತುಳಿತ ಒಂದೇ ಸಾಲದು, ಸಂಜೆಯೂ ಬೇಕು, ನಡುವೆ ನೀನೇ ಮೊಳಕೈ ಊರುತ್ತಿದ್ದರೆ ಕಾಲಿನ ಗುಣ ಆರದೆ ಇರ್ತೈತಿ ಅಂತ ಹೇಳಿದೆ. ನಿಯಮ ಮಾಡುವುದು ಎಷ್ಟು ಸುಲಭ ಅಂತ ಆಗ ತಿಳಿಯಿತು. ಆಕೆ ಎಲ್ಲವನ್ನೂ ಪಾಲಿಸಿದಳು.

ಒಂದು ವಾರ ಏನೂ ಆಗಲಿಲ್ಲ. ಎರಡನೆಯ ವಾರ ಒಂದು ಬೆಳಗ್ಗೆ ನನ್ನನ್ನು ಅಲುಗಿಸಿ ಎಬ್ಬಿಸಿದಳು. ಮುಖ ಸಣ್ಣಗಾಗಿತ್ತು.

"ಏರಾಕತ್ತೈತಲೇ. ಮೀನಖಂಡದಾಗ ಇದ್ದದ್ದು ತೊಡಿಗೆ ಬಂದೈತಿ. ನಾಳಿ ಸೊಂಟ, ನಾಡದು ಎದಿ. ತಲಿಗೆ ಬಂದ್ರ ಗತಿ ಏನು?"

ನನಗೆ ಅಳು ಬಂತೋ ನಗು ಬಂತೋ. "ಹಂಗೇ ಬರ್ಬೇಕವ್ವಾ. ಬಂದ ದಾರಿಲೆ ವಾಪಸ್ ಹೊಂಟೈತಿ" ಅಂದೆ. ನಂಬಲಿಲ್ಲ. ಫಿಜಿಯೋ ಹುಡುಗಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದೆ. ಹುಡುಗಿ ಅದನ್ನೇ ತೆಲುಗಿನಲ್ಲಿ ಹೇಳಿದ ಮೇಲೆ ಅವ್ವ ನಂಬಿದಳು. ನಮ್ಮ ಕಡೆ ಕನ್ನಡದಲ್ಲಿ ಹೇಳಿದರೆ ಮನೆ ಮಾತು, ತೆಲುಗಿನಲ್ಲಿ ಹೇಳಿದರೆ ಆಫೀಸಿನ ಮಾತು.

ನೋವು ಕಡಿಮೆಯಾಗುತ್ತಾ ಬಂದರೂ ಬೆರಳು ಎದ್ದಿರಲಿಲ್ಲ. ನೋವು, ಬಲ ಎರಡೂ ಬೇರೆ ಬೇರೆ ಲೆಕ್ಕ ಅಂತ ಡಾಕ್ಟರರು ಮೊದಲೇ ಹೇಳಿದ್ದರು. ಅವ್ವ ಮಂಚದ ತುದಿಗೆ ಕಾಲು ಚಾಚಿ ಹೆಬ್ಬೆರಳನ್ನೇ ದಿಟ್ಟಿಸುತ್ತಿದ್ದಳು, ಹಾಲು ಉಕ್ಕುವುದನ್ನು ಕಾಯುವವಳ ಹಾಗೆ. ನಾನೂ ಪಕ್ಕದಲ್ಲಿ ನಿಂತು ದಿಟ್ಟಿಸುತ್ತಿದ್ದೆ. "ನೀ ನೋಡಬ್ಯಾಡ, ಅದಕ್ಕ ನಾಚಿಕಿ" ಅನ್ನುತ್ತಿದ್ದಳು. ನನ್ನ ಭುಜ ಈಗ ಊಟಕ್ಕೆ ಕೈ ಎತ್ತಿದರೂ ನೋಯುತ್ತಿತ್ತು. ಆಟೋದಲ್ಲಿ ಮೈಕನ್ನು ಮೊಣಕಾಲ ಮೇಲೆ ಇಟ್ಟು ಬಗ್ಗಿ ಕೂಗುತ್ತಿದ್ದೆ. ಡ್ರೈವರು, "ಏನಪ್ಪಾ, ಮೊಣಕಾಲಿಗೆ ಸೀರಿ ಮಾರ್ತೀಯಾ?" ಅಂದ. ಉತ್ತರ ಹೊಳೆಯಲಿಲ್ಲ. ನನಗೆ ಉತ್ತರ ಹೊಳೆಯದ ದಿನ ಅಂದರೆ ನನ್ನ ದಣಿವು ಎಷ್ಟು ಅಂತ ನನ್ನನ್ನು ಬಲ್ಲವರು ತಿಳಿದುಕೊಳ್ಳಬಹುದು.

ಡಾಕ್ಟರರು ಹೇಳಿದ ಗಡುವು ಬಂತು. ಆಸ್ಪತ್ರೆಯಲ್ಲಿ ಅವ್ವನ ಸರದಿ ಬರುವವರೆಗೆ ನಿಂತೇ ಕಾದೆವು. ಮಲಗಿಸಿದರು. ಹೆಬ್ಬೆರಳ ಮೇಲೆ ಅವರ ಬೆರಳು. "ಲೇಪಮ್ಮಾ."

ಅವ್ವ ಕಣ್ಣು ಮುಚ್ಚಿದಳು. ಹೆಬ್ಬೆರಳು ಎದ್ದಿತು. ಬಲಗಾಲಿನದರ ಹಾಗೆ ಅಲ್ಲ. ಡಾಕ್ಟರರು ಒತ್ತಿದಾಗ ಸ್ವಲ್ಪ ತಡೆದು, ಆಮೇಲೆ ಸೋತಿತು. ಮತ್ತೆ ಅಂದರು, ಮತ್ತೆ ಎದ್ದು, ತಡೆದು, ಸೋತಿತು. ಹಿಮ್ಮಡಿಯ ಮೇಲೆ ನಡೆಸಿದರು. ಎಡಪಾದದ ತುದಿ ಕೆಲವು ಹೆಜ್ಜೆ ನೆಲಕ್ಕೆ ತಾಗದೆ ನಿಂತಿತು, ಆಮೇಲೆ ಇಳಿಯಿತು.

ಬಲ ಬರುತ್ತಿದೆ, ಸದ್ಯಕ್ಕೆ ಆಪರೇಷನ್ ಬೇಡ ಅಂದರು. ಪೂರ್ತಿ ಬರುತ್ತದೋ ಇಲ್ಲವೋ ಈಗಲೇ ಹೇಳಲಾಗದು, ತಿಂಗಳುಗಟ್ಟಲೆ ಹಿಡಿಯಬಹುದು. ಡ್ರಮ್ಮು, ಮೂಟೆ ಇನ್ನು ಮುಟ್ಟುವ ಹಾಗಿಲ್ಲ. ಹಳೆಯ ಎಚ್ಚರಿಕೆಗಳು ಹಾಗೇ ಇವೆ. ನಾನು ಅಷ್ಟನ್ನೂ ಕೇಳಿಸಿಕೊಂಡೆ. ಅವ್ವ ಮೊದಲಿನಂತೆ ಒಂದನ್ನೇ ಕೇಳಿಸಿಕೊಂಡಳು, ಆಪರೇಷನ್ ಬೇಡ.

ಆಮೇಲೆ ಆದದ್ದಕ್ಕೆ ನಾನು ತಯಾರಿರಲಿಲ್ಲ. ಅವ್ವ ನಡೆಯಬೇಕು ಅಂತ ಡಾಕ್ಟರರು ಹೇಳಿದ್ದರು ನೋಡಿ, ಮನೆಮನೆಗೆ ನಡೆದಳು. ನಡೆದಲ್ಲೆಲ್ಲ ಹೇಳಿದಳು, ಮಗನ ಕಾಲಿನಿಂದ ಡಿಸ್ಕು ಹೋಯಿತು ಅಂತ. ನಾನು ಮೈಕಿನಲ್ಲಿ ಕೂಗಿದ್ದರೂ ಅಷ್ಟು ದೂರ ಮುಟ್ಟುತ್ತಿರಲಿಲ್ಲ.

ಕೆಲವೇ ದಿನಕ್ಕೆ ಒಂದು ಬೆಳಗ್ಗೆ ಬಾಗಿಲು ತೆಗೆದರೆ ಹತ್ತಿ ಮಾರ್ಕೆಟಿನ ಹಮಾಲಿ ಒಬ್ಬ ನಿಂತಿದ್ದ. ಚೀಲ ಹೊತ್ತು ಹೊತ್ತು ಕತ್ತೇ ಇಲ್ಲದಂಥ ಆಳು. ಬಲಗಾಲನ್ನು ಎಳೆಯುತ್ತಿದ್ದ. ನಾನು ಮಾತಾಡುವ ಮುಂಚೆಯೇ ಹೊಸ್ತಿಲ ಕಡೆ ತಲೆ ಮಾಡಿ, ಅಂಗಿ ಮೇಲೆತ್ತಿ, ಬೋರಲು ಬಿದ್ದುಬಿಟ್ಟ.

"ಅಣ್ಣಾ, ನೋವು ಕಾಲಿಗೆ ಇಳದೈತೇನು?"

"ಕುಂಡಿಯಿಂದ ಹಿಮ್ಮಡಿತನಕ. ಡಿಸ್ಕ್ ಇರ್ಬೋದು ಅಂದ್ರು ಮಂದಿ. ತುಳಿ."

"ಡಿಸ್ಕಿಗೆ ತುಳಿಯಂಗಿಲ್ಲಣ್ಣಾ. ಇನ್ನೂ ಕೆಡ್ತೈತಿ. ದವಾಖಾನಿಗೆ ಹೋಗು."

ಅವನು ನೆಲಕ್ಕೆ ಮುಖ ಇಟ್ಟೇ ಹೇಳಿದ, "ನಿಮ್ಮವ್ವಗ ತುಳಿದಿ ಅಂತ. ಆಕಿ ನಡೀತಾಳ ಅಂತ. ನಾ ಏನು ಪರಾಯಾವನಾ? ಒಂದು ವಾರ ಆತು ಚೀಲ ಎತ್ತಿಲ್ಲ."

ಅವ್ವ ಒಳಬಾಗಿಲಲ್ಲಿ ಬಂದು ನಿಂತಿದ್ದಳು. ನಾನು ಆಕೆಯನ್ನು ನೋಡಿದೆ. ತುಳಿದರೆ ಈ ಮನುಷ್ಯನ ಕಾಲು ಹೋಗಬಹುದು. ತುಳಿಯದಿರಬೇಕಾದರೆ ಒಂದೇ ದಾರಿ, ನಮ್ಮವ್ವಗೂ ನಾನು ತುಳಿದಿಲ್ಲ ಅಂತ ಆಕೆಯ ಎದುರಿಗೇ ಹೇಳುವುದು. ಹುಂ ಹುಂ ಅಂದದ್ದು ಬಾಯಿ, ಆಕೆಯನ್ನು ಎಬ್ಬಿಸಿದ್ದು ಆಕೆಯ ಮೊಳಕೈ, ನನ್ನ ಪಾದದಲ್ಲಿ ಆಣಿ ಬಿಟ್ಟರೆ ಏನೂ ಇಲ್ಲ ಅಂತ. ಬಾಯಿ ತೆಗೆದೆ. ಊರಲ್ಲಿ ಎಲ್ಲರ ದನಿಯೂ ಬರುವ ಬಾಯಿ, ಅವತ್ತು ಒಂದೂ ಬರಲಿಲ್ಲ.

"ಭಾರ ಹಾಕಬ್ಯಾಡಲೇ" ಅಂದಳು ಅವ್ವ. "ನನಗ ಹೆಂಗ ಇಟ್ಟಿದ್ದಿ, ಹಂಗ ಇಡು."

ಆಕೆ ನನ್ನ ಮುಖ ನೋಡುತ್ತಿರಲಿಲ್ಲ. ಹಮಾಲಿಯ ಕಾಲ ಕಡೆಗೆ ನಡೆದಳು. ಬಗ್ಗಲಿಲ್ಲ, ಬಗ್ಗಬಾರದಲ್ಲ. ತನ್ನ ಬಲಪಾದದ ತುದಿಯನ್ನು ಅವನ ಹೆಬ್ಬೆರಳಿಗೆ ತಾಗಿಸಿದಳು.

"ಮೊದಲು ಎದ್ದು ಕುಂದ್ರಪ್ಪಾ. ಇದನ್ನ ಮ್ಯಾಲ ಎತ್ತು ನೋಡಾನು."

ಅವನು ಎದ್ದು ಕೂತು ಎತ್ತಿದ. ಎದ್ದಿತು, ಗಟ್ಟಿಯಾಗಿಯೇ ಎದ್ದಿತು.

"ಉಚ್ಚಿ ಸರಿ ಹೋಗ್ತೈತಿ?"

"ಏನು ಕೇಳ್ತೀಯವ್ವಾ ಹೆಣಮಕ್ಕಳ ಮುಂದ!"

"ಇಲ್ಲಿರೋ ಹೆಣಮಗಳು ನಾನೊಬ್ಬಾಕಿನ. ಹೋಗ್ತೈತಿ ಇಲ್ಲ?"

"ಹೋಗ್ತೈತಿ."

"ಸರಿ, ಮಲಗು. ಇವ ಕಾಲು ಇಡ್ತಾನ. ಹತ್ತು ಗಂಟಿಗೆ ದವಾಖಾನಿಗೆ ಹೋಗ್ಬೇಕು."

"ಕಾಲು ಇಟ್ಟ ಮ್ಯಾಲ ದವಾಖಾನಿ ಯಾಕ?"

"ಹೋಗದಿದ್ರ ಗುಣ ಹತ್ತಂಗಿಲ್ಲ. ಅದು ನಿಯಮ" ಅಂದಳು ಅವ್ವ.

ಹಮಾಲಿ ಮತ್ತೆ ಬೋರಲಾದ. ಅವ್ವ ಮೂಲೆಯಿಂದ ಹಗ್ಗ ತಂದು ನನ್ನ ಕೈಗೆ ಕೊಟ್ಟಳು. ನಾನು ಕೊಂಡಿಗೆ ಕಟ್ಟಿದೆ. ಭುಜ ಚಿಟಿಚಿಟಿ ಅಂತು. ಕಾಲೆತ್ತಿ, ಆ ಅಗಲವಾದ ಬೆನ್ನಿಗೆ ತಾಗಿಸಿದೆ.

"ಈಗ ಮೊಳಕೈ ಊರಪ್ಪಾ" ಅಂದಳು ಅವ್ವ. "ನೋವು ಕೆಳಗ ಓಡಿದ್ರ ಹೇಳು, ಬಿಟ್ಟುಬಿಡಾನು."